ಅಡ್ವಾನ್ಸ್ ಕಟ್ಟುವ ಮುನ್ನ ಕೂತು ಲೆಕ್ಕ ಹಾಕಿ



ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಕಾಲೇಜುಗಳಿಂದ ಫೋನು ಬರಲು ಶುರುವಾಗುತ್ತದೆ. "ಇನ್ನು ಕೆಲವೇ ಸೀಟು ಉಳಿದಿವೆ, ಈಗಲೇ ಅಡ್ವಾನ್ಸ್ ಕಟ್ಟಿ" ಅಂತಾರೆ. ಸೀಟು ಕೈತಪ್ಪೀತು ಎಂಬ ಭಯಕ್ಕೆ ಎಷ್ಟೋ ಮನೆಗಳಲ್ಲಿ ಒಡವೆ ಅಡವಿಡುತ್ತಾರೆ, ಇಲ್ಲವೇ ಸಂಘದಲ್ಲಿ ಸಾಲ ಎತ್ತುತ್ತಾರೆ. ಆದರೆ ಅದು ಯಾವ ಕೋಟಾದ ಸೀಟು ಎಂದು ಕೇಳುವವರು ಕಡಿಮೆ. ಸಹಾಯಧನ ಸಿಗುವುದೂ ತಪ್ಪುವುದೂ ಬಹುಪಾಲು ಅದರ ಮೇಲೆಯೇ.

ಸೀಟಿಗೆ ತಕ್ಕ ಸಹಾಯ

ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾದ ಸೀಟಿಗೆ ಶುಲ್ಕವನ್ನು ಸರ್ಕಾರ ನಿಗದಿ ಮಾಡುತ್ತದೆ. ಆತುರಪಟ್ಟು ಮೊದಲೇ ಬುಕ್ ಮಾಡುವ ಸೀಟು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಕೋಟಾದ್ದು. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಈ ಕೋಟಾಕ್ಕೆ ಇಲ್ಲ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಸಾಲವೂ ಇಲ್ಲ. ಅಲ್ಪಸಂಖ್ಯಾತರಿಗೆ ಇರುವ 'ಅರಿವು' ಸಾಲವೂ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗಾಗಿಯೇ ರೂಪಿಸಿದ್ದು.

ಹಣ ಬರುವ ಹೊತ್ತು

ಫೀಸು ಕಟ್ಟಬೇಕಾದದ್ದು ಸೇರುವಾಗ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ಸೇರಿದ ಮೇಲೆ, ಹಣ ಬರುವುದು ಅದಕ್ಕೂ ಆಮೇಲೆ. ಅದನ್ನು ನಂಬಿ ಮೊದಲ ಕಂತು ಒಪ್ಪಿಕೊಳ್ಳಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಡಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ.

ಪೂರ್ತಿ ಲೆಕ್ಕ

ಒಂದು ಉದಾಹರಣೆ ನೋಡೋಣ. ವರ್ಷಕ್ಕೆ ಫೀಸು 1 ಲಕ್ಷ, ಹಾಸ್ಟೆಲ್ ಮತ್ತು ಊಟಕ್ಕೆ 70 ಸಾವಿರ ಆದರೆ 4 ವರ್ಷಕ್ಕೆ 6 ಲಕ್ಷ 80 ಸಾವಿರ ಬೇಕು. 25 ಸಾವಿರ ಅಡ್ವಾನ್ಸ್ ಕೊಟ್ಟವರು ಉಳಿದ 6 ಲಕ್ಷ 55 ಸಾವಿರಕ್ಕೆ ದಾರಿ ಏನೆಂದು ಅಂದೇ ಯೋಚಿಸಿರಬೇಕು. ಸೇರುವ ಮುಂಚೆಯೇ ಬ್ಯಾಂಕಿಗೆ ಹೋಗಿ ವಿಚಾರಿಸಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಕಟ್ಟುವ ಮುನ್ನ ಕೇಳಿ

1. ಈ ಸೀಟು ಯಾವ ಕೋಟಾದ್ದು?
2. ಪ್ರತಿ ವರ್ಷದ ಒಟ್ಟು ಶುಲ್ಕ ಎಷ್ಟು? ಬರೆದು ಕೊಡುತ್ತೀರಾ?
3. ಸಿಇಟಿಯಲ್ಲಿ ಬೇರೆ ಸೀಟು ಸಿಕ್ಕರೆ ಎಷ್ಟು ಹಣ ವಾಪಸ್ ಕೊಡುತ್ತೀರಿ?

ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ಅಂಕಪಟ್ಟಿ, ಟಿ.ಸಿ.ಗಳ ಮೂಲಪ್ರತಿಗಳನ್ನು ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ತಿಳಿಸಿದೆ. ಮಗು ಬೇರೆ ಕಡೆ ಸೇರುವುದಾದರೆ ತಡಮಾಡದೆ ಲಿಖಿತ ಅರ್ಜಿ ಕೊಡಿ. ದಿನ ಕಳೆದಂತೆ ವಾಪಸ್ ಬರುವ ಹಣ ಕಡಿಮೆಯಾಗುತ್ತದೆ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಅರ್ಧಕ್ಕೆ ನಿಂತ ಗೋಪುರದಂತೆ ಮಕ್ಕಳ ಓದು ನಿಲ್ಲದಿರಲಿ.

ಸಂಘದ ಸಭೆಯಲ್ಲಿ ಚರ್ಚಿಸಿ

* ನಮ್ಮ ಸಂಘದಲ್ಲಿ ಈ ವರ್ಷ ಪಿಯುಸಿ ಮುಗಿಸುವ ಮಕ್ಕಳು ಯಾರು? ಅವರ ದಾಖಲೆಪತ್ರ ಸಿದ್ಧವಿದೆಯೇ?
* ಓದಿನ ಸಾಲ ಕೊಡುವ ಮುನ್ನ ಪೂರ್ತಿ ಕೋರ್ಸಿನ ಖರ್ಚನ್ನು ನಾವು ಕೇಳುತ್ತೇವೆಯೇ?