ಚಕ್ಕಡಿ ಗಾಲಿ ಮತ್ತು ರಕ್ತನಾಳ

ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುವುದನ್ನು ಯಮಕನಮರಡಿ ಭಾಗದ ಹಿರಿಯರು ಬಲ್ಲರು. ಪಟ್ಟಿ ತಣಿದು ಕುಗ್ಗಿ ಕಟ್ಟಿಗೆಯನ್ನು ಅದುಮುತ್ತದೆ. ಭಾರ ಹೇರುವ ಮೊದಲೇ ಗಾಲಿಯಲ್ಲಿ ಬಿಗಿತವಿರುತ್ತದೆ.

ಅಪಧಮನಿಯ ಗೋಡೆಯಲ್ಲೂ ಇಂಥದೇ ಬಿಗಿತವುಂಟು. ರಕ್ತವಿಲ್ಲದ ನಾಳದ ಬಳೆಯಂಥ ತುಂಡನ್ನು ಒಂದು ಕಡೆ ಕತ್ತರಿಸಿದರೆ ಅದು ತಾನಾಗಿಯೇ ಬಾಯ್ದೆರೆಯುತ್ತದೆ. ಒಳಪದರ ಅದುಮಿಕೊಂಡು, ಹೊರಪದರ ಎಳೆದುಕೊಂಡು ಇದ್ದವೆಂಬುದಕ್ಕೆ ಇದೇ ಸಾಕ್ಷಿ. 1983ರಲ್ಲಿ ವೈ.ಸಿ. ಫಂಗ್ ಮುಂತಾದವರು ಇದರ ಮಹತ್ವ ತೋರಿಸಿದರು. ಇದನ್ನು ಬಿಟ್ಟು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ರಕ್ತದೊತ್ತಡದ ಹೊರೆ ಬಹುತೇಕ ಒಳಪದರಕ್ಕೇ ಬೀಳುತ್ತದೆ. ಸೇರಿಸಿದರೆ ಎಲ್ಲ ಪದರಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ.

ಬಿ.ಪಿ. ಬಹುಕಾಲ ಏರಿಯೇ ಇದ್ದರೆ ಗೋಡೆ ದಪ್ಪವಾಗಿ ಪೆಡಸಾಗುತ್ತದೆ. ಈ ಬಿಗಿತದ ಲೆಕ್ಕವೂ ಬದಲಾಗುತ್ತದೆ. ಆಗ ನೋವೇನೂ ಇರುವುದಿಲ್ಲ. ಆದ್ದರಿಂದ ‘ಈಗ ಆರಾಮ ಅದೀನ್ರಿ’ ಎಂದು ವೈದ್ಯರನ್ನು ಕೇಳದೆ ಗುಳಿಗೆ ಬಿಡಬೇಡಿ.