ಮೊದಲು ಲೋಡ್ ಆದ ಲೈಬ್ರರಿ ಯಾವುದು ನೋಡು

ನೀನೇ ಸೋರ್ಸ್‌ನಿಂದ ಬಿಲ್ಡ್ ಮಾಡಿದ ಪ್ರೋಗ್ರಾಂ ನಿನ್ನ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುತ್ತದೆ, ಸರ್ವರ್‌ಗೆ ಹಾಕಿದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್ ಎಂದು ಬಿದ್ದುಹೋಗುತ್ತದೆ ಎಂದೆಯಲ್ಲ, ತಮ್ಮಾ. ನಿದ್ದೆಗೆಟ್ಟು ಕೋಡನ್ನು ಸಾಲುಸಾಲಾಗಿ ಓದಿದ್ದೀಯ, ನಿನ್ನ ಕಣ್ಣು ನೋಡಿದರೇ ಗೊತ್ತಾಗುತ್ತದೆ. ಕೋಡನ್ನು ಸ್ವಲ್ಪ ಹೊತ್ತು ಬದಿಗಿಡು. ಅದೇ ಬೈನರಿ ಒಂದು ಯಂತ್ರದಲ್ಲಿ ನಡೆದು ಇನ್ನೊಂದರಲ್ಲಿ ಬೀಳುತ್ತಿದ್ದರೆ ಮೊದಲು ಕೇಳಬೇಕಾದ್ದು ಇಷ್ಟು: ಬೀಳುವ ಹೊತ್ತಿಗೆ ಅದರೊಳಗೆ ಲೋಡ್ ಆಗಿದ್ದ ಲೈಬ್ರರಿಗಳು ಯಾವುವು, ಎಲ್ಲಿಂದ ಬಂದವು?

ಸರಿಯಾದ ವರ್ಷನ್ನೇ ಹಾಕಿದ್ದೇನೆ ಎನ್ನಬೇಡ. ನೀನು ಹಾಕಿದ್ದು ಒಂದು, ಪ್ರೋಗ್ರಾಂ ಎತ್ತಿಕೊಂಡದ್ದು ಇನ್ನೊಂದು ಆಗಿರಬಹುದು. ಲಿನಕ್ಸ್‌ನಲ್ಲಿ ಬೈನರಿಯೊಳಗೆ ಇರುವುದು ಬೇಕಾದ ಶೇರ್ಡ್ ಲೈಬ್ರರಿಗಳ ಹೆಸರಷ್ಟೇ. ಪ್ರೋಗ್ರಾಂ ಶುರುವಾದಾಗ ಡೈನಮಿಕ್ ಲೋಡರ್ ಆ ಹೆಸರು ಹಿಡಿದು ಹುಡುಕುತ್ತದೆ: ಆರ್‌ಪಾತ್ ಇದ್ದರೆ ಮೊದಲು ಅಲ್ಲಿ, ಆಮೇಲೆ ‘ಎಲ್‌ಡಿ ಲೈಬ್ರರಿ ಪಾತ್’ ವೇರಿಯಬಲ್ ಹೇಳಿದ ಕಡೆ, ಆಮೇಲೆ ರನ್‌ಪಾತ್, ಆಮೇಲೆ ಎಲ್‌ಡಿಕಾನ್ಫಿಗ್ ಮಾಡಿಟ್ಟ ಕ್ಯಾಶ್, ಕೊನೆಗೆ ಸಿಸ್ಟಮ್ಮಿನ ಲಿಬ್ ಫೋಲ್ಡರ್‌ಗಳು. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಇವತ್ತು ಉಬುಂಟುವಿನಂಥ ಡಿಸ್ಟ್ರೋಗಳಲ್ಲಿ ಲಿಂಕರ್ ತಾನಾಗಿ ಬರೆಯುವುದು ರನ್‌ಪಾತನ್ನು. ಅದು ನಿನ್ನ ಬೈನರಿ ನೇರವಾಗಿ ಕೇಳಿದ ಲೈಬ್ರರಿಗಷ್ಟೇ ಅನ್ವಯ. ಆ ಲೈಬ್ರರಿ ತನಗೆಂದು ಕೇಳುವ ಮತ್ತೊಂದಕ್ಕೆ ಅದು ಲೆಕ್ಕಕ್ಕಿಲ್ಲ. ತಾವೇ ಬಿಲ್ಡ್ ಮಾಡುವವರು ಎಡವುವುದು ಬಹಳ ಸಲ ಇಲ್ಲೇ.

ಎಲ್‌ಡಿಡಿ ಓಡಿಸಿದೆ, ಎಲ್ಲ ಸರಿಯಾಗಿಯೇ ಇದೆ ಎನ್ನುತ್ತೀಯ. ಓಡಿಸಿದ್ದು ನಿನ್ನ ಶೆಲ್‌ನಲ್ಲಿ. ಸರ್ವರ್‌ನಲ್ಲಿ ಪ್ರೋಗ್ರಾಂ ಶುರು ಮಾಡುವುದು ಸಿಸ್ಟಮ್‌ಡಿ, ನೀನು ಬ್ಯಾಶ್‌ಆರ್‌ಸಿಯಲ್ಲಿ ಬರೆದ ಪಾತ್ ಅದಕ್ಕೆ ತಲುಪುವುದೇ ಇಲ್ಲ. ನಡುವೆ ಡಿಎಲ್‌ಓಪನ್ ಮೂಲಕ ಬಂದು ಸೇರುವ ಪ್ಲಗಿನ್‌ಗಳೂ ಎಲ್‌ಡಿಡಿ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಹೇಳುವುದು, ಓಡುತ್ತಿರುವ ಪ್ರೋಸೆಸ್‌ನ ಪ್ರಾಕ್ ಫೋಲ್ಡರ್‌ಗೆ ಹೋಗಿ ಮ್ಯಾಪ್ಸ್ ಫೈಲನ್ನೇ ಓದು. ಬಿದ್ದ ಮೇಲಾದರೆ ಕೋರ್ ಫೈಲನ್ನು ಜಿಡಿಬಿಯಲ್ಲಿ ತೆರೆದು ‘ಇನ್ಫೋ ಶೇರ್ಡ್‌ಲೈಬ್ರರಿ’ ಎಂದು ಕೇಳು. ಸರ್ವರ್‌ನ ಕೋರ್ ಫೈಲನ್ನು ಲ್ಯಾಪ್‌ಟಾಪ್‌ಗೆ ತಂದು ಇಲ್ಲಿನ ಲೈಬ್ರರಿಗಳ ಜೊತೆ ತೆರೆದರೆ ಬ್ಯಾಕ್‌ಟ್ರೇಸ್ ಅಡ್ಡಾದಿಡ್ಡಿಯಾಗಿ ಬಂದು ದಾರಿ ತಪ್ಪಿಸುತ್ತದೆ. ಲೋಡರ್ ಯಾವ ಫೋಲ್ಡರ್‌ಗಳನ್ನು ತಡಕಿತು ಎಂದು ತಿಳಿಯಬೇಕಾದರೆ ‘ಎಲ್‌ಡಿ ಡೀಬಗ್’ ವೇರಿಯಬಲ್‌ಗೆ ‘ಲಿಬ್ಸ್’ ಎಂದು ಕೊಟ್ಟು ಓಡಿಸು, ಒಂದೊಂದು ಹೆಜ್ಜೆಯನ್ನೂ ಅದು ಹೇಳುತ್ತದೆ.

ಕ್ರ್ಯಾಶ್ ಹೇಗೆ ಹುಟ್ಟುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಿಬಿಡು. ನಿನಗೆ ಸಿಕ್ಕ ಹೆಡರ್ ಹಳೆಯದು, ಅದರಲ್ಲಿ ಒಂದು ಸ್ಟ್ರಕ್ಟ್ 40 ಬೈಟ್ ಎಂದುಕೋ. ಲೋಡ್ ಆದ ಲೈಬ್ರರಿ ಹೊಸದು, ಅದರ ಲೆಕ್ಕದಲ್ಲಿ ಅದೇ ಸ್ಟ್ರಕ್ಟ್ 48 ಬೈಟ್. ನೀನು ಮ್ಯಾಲಾಕ್‌ನಿಂದ 40 ಬೈಟ್ ತೆಗೆದು ಕೊಡುತ್ತೀಯ, ಲೈಬ್ರರಿ 48 ಬರೆಯುತ್ತದೆ. ಬದು ದಾಟಿ ಪಕ್ಕದವರ ಹೊಲ ಉತ್ತ ಹಾಗಾಯಿತು. 64 ಬಿಟ್ ಲಿನಕ್ಸ್‌ನಲ್ಲಿ ಆ ಹೆಚ್ಚಿನ 8 ಬೈಟ್ ಹೋಗಿ ಬೀಳುವುದು, ಪಕ್ಕದ ಮೆಮೊರಿ ತುಂಡು ಎಷ್ಟು ದೊಡ್ಡದು ಎಂದು ಮ್ಯಾಲಾಕ್ ಬರೆದಿಟ್ಟುಕೊಂಡ ಜಾಗದ ಮೇಲೆ. ಆಗ ಏನೂ ಆಗುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ, ಏನೂ ಸಂಬಂಧವಿಲ್ಲದ ಫಂಕ್ಷನ್ ಒಂದು ಆ ತುಂಡನ್ನು ಫ್ರೀ ಮಾಡಲು ಹೋದಾಗ ಪ್ರೋಗ್ರಾಂ ಸಾಯುತ್ತದೆ. ನಡುವೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ಕ್ರ್ಯಾಶ್ ಜಾಗ ಬದಲಾಗಬಹುದು, ಮಾಯವೂ ಆಗಬಹುದು. ಹಾಗೆ ಮಾಯವಾದಾಗ ಸರಿಹೋಯಿತು ಎಂದು ನಂಬಬೇಡ.

ಲೈಬ್ರರಿಯಲ್ಲಿ ತಪ್ಪೇ ಇಲ್ಲದೆ ಬೀಳುವುದೂ ಉಂಟು. 2010ರಲ್ಲಿ ಫೆಡೋರಾ 14 ಬಂದಾಗ ಫ್ಲ್ಯಾಶ್ ಪ್ಲೇಯರ್‌ನ ಧ್ವನಿ ಕೆಟ್ಟು ಗೊರಗೊರ ಎನ್ನತೊಡಗಿತು. ಜಿಲಿಬ್‌ಸಿಯ ಹೊಸ ಮೆಮ್‌ಕಾಪಿ ಕೆಲವು ಪ್ರೊಸೆಸರ್‌ಗಳಲ್ಲಿ ಹಿಂದಿನಿಂದ ಮುಂದಕ್ಕೆ ನಕಲು ಮಾಡುತ್ತಿತ್ತು. ಒಂದರ ಮೇಲೊಂದು ಬೀಳುವ ಜಾಗಗಳಿಗೆ ಮೆಮ್‌ಕಾಪಿ ಬಳಸಬಾರದು ಎಂಬ ಸಿ ಭಾಷೆಯ ನಿಯಮವನ್ನು ಫ್ಲ್ಯಾಶ್ ಮುರಿದಿತ್ತು, ಅಲ್ಲಿಯವರೆಗೆ ಅದು ಬಯಲಾಗಿರಲಿಲ್ಲ ಅಷ್ಟೆ. ಲಿನಸ್ ಟೊರ್ವಾಲ್ಡ್ಸ್ ಸ್ವತಃ ಆ ಚರ್ಚೆಗಿಳಿದು ಬಳಕೆದಾರರ ಪರ ವಾದಿಸಿದರು. 2011ರ ಜಿಲಿಬ್‌ಸಿ 2.14ರಲ್ಲಿ ಮೆಮ್‌ಕಾಪಿಗೆ ಹೊಸ ಸಿಂಬಲ್ ವರ್ಷನ್ ಕೊಟ್ಟು, ಹಳೆಯ ಬೈನರಿಗಳಿಗೆ ಹಳೆಯ ನಡತೆಯನ್ನೇ ಉಳಿಸಿದರು. ನಿನ್ನ ಕೋಡಿನಲ್ಲಿ ಇಂಥದ್ದು ಅಡಗಿದೆಯೇ ಎಂದು ತಿಳಿಯಲು ವ್ಯಾಲ್‌ಗ್ರೈಂಡ್ ಓಡಿಸು, ಈ ತಪ್ಪನ್ನು ಅದು ಹೆಸರಿಟ್ಟು ತೋರಿಸುತ್ತದೆ.

‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬ ಎರರ್ ಬಂದರೆ, ಹೊಸ ಯಂತ್ರದಲ್ಲಿ ಬಿಲ್ಡ್ ಮಾಡಿ ಹಳೆಯದರಲ್ಲಿ ಓಡಿಸುತ್ತಿದ್ದೀಯ ಎಂದರ್ಥ. ಉಬುಂಟು 22.04ರಲ್ಲಿರುವುದು 2.35, ಉಬುಂಟು 20.04ರಲ್ಲಿ 2.31. ಆಗ ಲಿಬ್‌ಸಿ ಫೈಲನ್ನೇ ಅಲ್ಲಿಂದ ಇಲ್ಲಿಗೆ ಕಾಪಿ ಮಾಡಬೇಡ. ಲೋಡರ್ ಮತ್ತು ಲಿಬ್‌ಸಿ ಜೋಡಿ ಎತ್ತುಗಳು, ಒಂದನ್ನು ಬದಲಿಸಿದರೆ ಆ ಯಂತ್ರದಲ್ಲಿ ಎಲ್‌ಎಸ್ ಕೂಡ ಓಡದೆ ಹೋಗಬಹುದು. ನೀನು ಬೆಂಬಲಿಸಬೇಕಾದ ಅತಿ ಹಳೆಯ ಸಿಸ್ಟಮ್‌ನ ಕಂಟೇನರ್‌ನಲ್ಲಿ ಬಿಲ್ಡ್ ಮಾಡು. ಸಿ++ನಲ್ಲಿ ‘ಅನ್‌ಡಿಫೈನ್ಡ್ ಸಿಂಬಲ್’ ಬಂದು ಆ ಹೆಸರಿನಲ್ಲಿ ‘ಸಿಎಕ್ಸ್‌ಎಕ್ಸ್11’ ಕಂಡರೆ, 2015ರ ಜಿಸಿಸಿ 5ರಲ್ಲಿ ಸ್ಟ್ರಿಂಗ್‌ನ ಒಳರಚನೆ ಬದಲಾದದ್ದರ ಫಲ ಅದು. ನಿನ್ನ ಕೋಡ್ ಮತ್ತು ಲೈಬ್ರರಿ ಎರಡನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಬಿಲ್ಡ್ ಮಾಡಿಬಿಡು.

ಸಿಮ್‌ಲಿಂಕ್ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಹಳೆಯ ಲೈಬ್ರರಿ ಇಲ್ಲ ಎಂದು ಹೊಸದಕ್ಕೆ ಹಳೆಯ ಹೆಸರಿನ ಸಿಮ್‌ಲಿಂಕ್ ಹಾಕುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡ. ಫೈಲ್ ಹೆಸರಿನ ಕೊನೆಯ ಆ ಅಂಕಿಯನ್ನು ಬದಲಿಸುವುದೇ ಹಳೆಯ ಬೈನರಿಗಳ ಜೊತೆ ಹೊಂದಾಣಿಕೆ ಮುರಿದಾಗ. ಓಪನ್‌ಎಸ್‌ಎಸ್‌ಎಲ್‌ನಂಥವು ಸಿಂಬಲ್‌ಗಳಿಗೂ ವರ್ಷನ್ ಅಂಟಿಸಿರುವುದರಿಂದ ಬಾಗಿಲಲ್ಲೇ ತಡೆಯುತ್ತವೆ. ಆ ಕಾವಲಿಲ್ಲದ ಲೈಬ್ರರಿ ಸದ್ದಿಲ್ಲದೆ ಲೋಡ್ ಆಗಿ, ನಿನ್ನ ಗ್ರಾಹಕರ ಡೇಟಾ ಕೆಡಿಸುತ್ತ ಓಡಿಕೊಂಡಿರುತ್ತದೆ. ಕ್ರ್ಯಾಶ್ ಆಗುವುದೇ ವಾಸಿ.

ಈಗ ಹೋಗಿ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸು. ಸಿಮೇಕ್ ಹಳೆಯ ಪಾತ್‌ಗಳನ್ನು ತನ್ನ ಕ್ಯಾಶ್‌ನಲ್ಲಿ ನೆನಪಿಟ್ಟುಕೊಂಡಿರುತ್ತದೆ. ಹೊಸದಾಗಿ ಬಿಲ್ಡ್ ಮಾಡಿ ಎರಡೂ ಯಂತ್ರದ ಮ್ಯಾಪ್ಸ್ ಪಟ್ಟಿಗಳನ್ನು ಡಿಫ್‌ಗೆ ಕೊಡು. ಒಂದೇ ಲೈಬ್ರರಿಯ ಎರಡು ವರ್ಷನ್‌ಗಳು ಒಂದೇ ಪ್ರೋಸೆಸ್‌ನೊಳಗೆ ಕಂಡರೆ ಅಲ್ಲಿಂದಲೇ ಶುರು ಮಾಡು. ಊಟ ಮಾಡಿ ಮಲಗಿ ಎದ್ದು ಬಾ, ಪಟ್ಟಿಯನ್ನು ಕೂತು ಒಟ್ಟಿಗೆ ಓದೋಣ.