ಎರಡು ಕಾಲದ ಎರಡು ಕಾರುಗಳು: ಅಂಬಾಸಿಡರ್ ಮತ್ತು ಮಾರುತಿ ೮೦೦

ಕಲಾ ವಿಭಾಗದ ವಿದ್ಯಾರ್ಥಿಗೆ ಮೋಟಾರಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕಾರನ್ನು ಕೊಳ್ಳುವವರು ಯಾರು, ನಡೆಸುವವರು ಯಾರು ಎಂಬುದು ಅರ್ಥಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೇ ಆಗಿರುವುದರಿಂದ ಈ ಪ್ರಯತ್ನವನ್ನು ಮಾಡಿದ್ದೇನೆ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ೧೯೫೭-೫೮ರ ಸುಮಾರಿಗೆ ಅಂಬಾಸಿಡರನ್ನು ತಯಾರಿಸತೊಡಗಿತು. ಮಾರುತಿ ೮೦೦ ಹುಟ್ಟಿದ್ದು ಕಾಲು ಶತಮಾನದ ತರುವಾಯ. ಜಪಾನಿನ ಸುಜುಕಿಯ ಸಹಯೋಗದಿಂದ ತಯಾರಾದ ಮೊದಲ ಕಾರಿನ ಕೀಲಿಕೈಯನ್ನು ೧೯೮೩ರ ಡಿಸೆಂಬರ್ ೧೪ರಂದು ಪ್ರಧಾನಿ ಇಂದಿರಾ ಗಾಂಧಿಯವರು ಗ್ರಾಹಕರಿಗೆ ಒಪ್ಪಿಸಿದರು. ಬೆಲೆ ಐವತ್ತು ಸಾವಿರ ರೂಪಾಯಿಗಳ ಒಳಗೇ ಇತ್ತು.

ನಮ್ಮ ತೊಗರಿಯ ಲೆಕ್ಕದಲ್ಲಿ ಹೇಳುವುದಾದರೆ ಅಂಬಾಸಿಡರಿನ ತೂಕ ಹನ್ನೊಂದು ಕ್ವಿಂಟಲಿಗೂ ಮೇಲೆ, ಮಾರುತಿಯದು ಸುಮಾರು ಆರೂವರೆ. ಮೊದಲನೆಯದರ ೧೪೮೯ ಸಿ.ಸಿ. ಪೆಟ್ರೋಲ್ ಎಂಜಿನು ಸುಮಾರು ೫೦ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಎರಡನೆಯದರ ೭೯೬ ಸಿ.ಸಿ. ಎಂಜಿನು ಕೊಡುತ್ತಿದ್ದುದು ೩೭ರಿಂದ ೪೦. ಆದರೆ ಶಕ್ತಿಯನ್ನು ತೂಕಕ್ಕೆ ಹಂಚಿ ನೋಡಬೇಕು. ಕ್ವಿಂಟಲೊಂದಕ್ಕೆ ಅಂಬಾಸಿಡರಿಗೆ ನಾಲ್ಕೂವರೆ, ಮಾರುತಿಗೆ ಐದೂವರೆಗಿಂತ ಹೆಚ್ಚು ಅಶ್ವಶಕ್ತಿ ದೊರೆಯುತ್ತದೆ. ಚಿಕ್ಕ ಎಂಜಿನು ಚುರುಕಾಗಿ ಓಡಿ ಪೆಟ್ರೋಲನ್ನೂ ಉಳಿಸಿದ್ದರ ಗುಟ್ಟು ಇದೇ. ಇದಲ್ಲದೆ ಮಾರುತಿಯ ಎಂಜಿನು ಮುಂದಿನ ಗಾಲಿಗಳನ್ನೇ ತಿರುಗಿಸುವುದರಿಂದ, ಅಂಬಾಸಿಡರಿನಲ್ಲಿರುವಂತೆ ಹಿಂದಿನ ಗಾಲಿಗಳವರೆಗೆ ಉದ್ದನೆಯ ಶಾಫ್ಟು ಹೋಗಬೇಕಾಗಿಲ್ಲ. ಆ ಜಾಗ ಕುಳಿತವರ ಕಾಲುಗಳಿಗೆ ಸಿಕ್ಕಿತು.

ಯಂತ್ರಕೌಶಲದಲ್ಲಿ ಮಾರುತಿಯೇ ಮೇಲೆಂದು ಒಪ್ಪಬೇಕು. ಆದರೂ ಮಳೆಗಾಲದಲ್ಲಿ ಕಮಲಾಪುರದ ಹಳ್ಳಿಗಳ ಎರೆಮಣ್ಣಿನ ದಾರಿಯನ್ನು ಬಲ್ಲವರು ಇಷ್ಟಕ್ಕೇ ತೀರ್ಪು ಕೊಡಲಾರರು. ಹದಿನೈದು ಇಂಚಿನ ದೊಡ್ಡ ಗಾಲಿ, ಹಿಂದೆ ಕಮಾನು ಪಟ್ಟಿ, ದಪ್ಪ ತಗಡು: ಇವೆಲ್ಲ ಅಂತಹ ದಾರಿಗೆ ಹೊಂದುವಂತಹವು. ಹಳೆಯ ಅಂಬಾಸಿಡರುಗಳಲ್ಲಿ ಗೇರು ಸ್ಟೇರಿಂಗಿನ ಬಳಿಯಲ್ಲೇ ಇದ್ದು, ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂಡಬಹುದಾಗಿತ್ತು. ಶರಣಬಸವೇಶ್ವರರ ಜಾತ್ರೆಗೆ, ಬಂದೇ ನವಾಜರ ಉರುಸಿಗೆ ಒಂದು ಮನೆತನವೇ ಒಂದು ಗಾಡಿಯಲ್ಲಿ ಬರುತ್ತಿತ್ತು. (ಎಷ್ಟು ಜನರೆಂದು ಎಣಿಸುವುದು ಪೋಲೀಸರ ಕೆಲಸ!)

ನನ್ನ ತಂದೆಯವರು ಕಮಲಾಪುರ–ಕಲಬುರಗಿಯ ನಡುವೆ ಬಾಡಿಗೆಯ ಅಂಬಾಸಿಡರ್ ನಡೆಸಿದವರು. “ಇದಕ ಒಂದ್ ಪಾನಾ ಇದ್ರ ಸಾಕು, ಮೇಸ್ತ್ರಿ ಬೇಕಿಲ್ಲ” ಎಂಬುದು ಅವರ ಮಾತು. ಹಳ್ಳಿಯ ಶಾಲೆ ಬಿಟ್ಟವನೂ ಆ ಎಂಜಿನನ್ನು ಬಿಚ್ಚಿ ಜೋಡಿಸಲು ಕಲಿಯಬಹುದಾಗಿತ್ತು.

ಅಂಬಾಸಿಡರಿನ ಭಾರವಾದ ಸ್ಟೇರಿಂಗಿಗೆ ಪಳಗಿದ ಕೈ ಬೇಕಾಗಿತ್ತು. ಆದ್ದರಿಂದ ಅಧಿಕಾರಿ, ಸಾಹುಕಾರ, ಯಾರೇ ಕೊಂಡರೂ ಒಬ್ಬ ಡ್ರೈವರನಿಗೆ ಸಂಬಳ ಸಿಗುತ್ತಿತ್ತು. ಮಾರುತಿಯನ್ನಾದರೋ ಮೇಷ್ಟರು, ಗುಮಾಸ್ತರು ತಾವೇ ಕೊಂಡು ತಾವೇ ನಡೆಸಿದರು. ಮಧ್ಯಮ ವರ್ಗಕ್ಕೆ ಇದು ದೊಡ್ಡ ಲಾಭವೆಂಬುದು ನಿರ್ವಿವಾದ; ಆ ಲಾಭದ ಒಂದು ಭಾಗ ಡ್ರೈವರರ ಸಂಬಳದಿಂದ ಬಂದಿತೆಂಬುದನ್ನು ಮಾತ್ರ ಯಾರೂ ಲೆಕ್ಕ ಹಿಡಿದಂತೆ ಕಾಣುವುದಿಲ್ಲ.

೨೦೧೪ರ ಜನವರಿಯಲ್ಲಿ ಮಾರುತಿ ೮೦೦ರ, ಮೇ ತಿಂಗಳಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. ತಂದೆಯವರು ಅದಕ್ಕೂ ಮೊದಲೇ ಗಾಡಿಯನ್ನು ಮಾರಿ ಎರಡು ಎಮ್ಮೆಗಳನ್ನು ಕೊಂಡಿದ್ದರು. ನನ್ನ ಕಾಲೇಜಿನ ಫೀಸು ಆ ಹಾಲಿನಿಂದ ಬಂದದ್ದು.